ಸಾಗರದ ಸೂಜಿ

ಕಾನುಬೈಲು, ಹುಲಿಕಲ್ ಹತ್ತಿರ
9 ನವೆಂಬರ್ 2025

ರವಿ ಭಾವನಿಗೆ ಹರ್ಷನ ನಮಸ್ಕಾರಗಳು.

ಫೋನ್ ಇರುವಾಗ ಇವನಿಗೆ ಕಾಗದ ಬರೆಯುವ ರೋಗ ಯಾವಾಗ ಹತ್ತಿತು ಎಂದು ನಗಬೇಡಿ. ನಮ್ಮೂರಲ್ಲಿ ಸಿಗ್ನಲ್ ಸಿಗುವುದು ಹಾಲಿನ ಡೇರಿಯ ಕಟ್ಟೆಯ ಮೇಲೆ ಮಾತ್ರ. ಅಲ್ಲಿ ನಿಂತು ಮಾತಾಡಿದರೆ ಮೈಕಿನಲ್ಲಿ ಮಾತಾಡಿದ ಹಾಗೆ. ವಾಟ್ಸಾಪಿನಲ್ಲಿ ಬರೆಯೋಣವೆಂದರೆ ನಿಮ್ಮ ಫೋನನ್ನು ಅಕ್ಕ ನೋಡುತ್ತಾಳೆ, ನನ್ನದನ್ನು ಅಮ್ಮ ಪಕ್ಕದ ಮನೆಯ ಹುಡುಗಿಯಿಂದ ಓದಿಸುತ್ತಾಳೆ. ಅದಕ್ಕೇ ಇದನ್ನು ಕವರಿಗೆ ಹಾಕಿ, ಗೋಂದು ಬಳಿದು, ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೇನೆ. ‘ಸಾಗರದ ಶಾಮಿಯಾನ ಅಂಗಡಿ ರವೀಂದ್ರಣ್ಣಂಗೆ’ ಅಂದರೆ ತಲುಪುತ್ತದೆ. ಓದಿದ ಮೇಲೆ ಹರಿದುಬಿಡಿ. ಅಕ್ಕನಿಗೆ ತೋರಿಸಬೇಡಿ.

ವಿಷಯ ಯಶಸ್ವಿನಿಯದು. ಮೊನ್ನೆ ಒಂದು ಮನೆಯ ವೈರಿಂಗಿಗೆ ಸಾಮಾನು ತರಲು ತೀರ್ಥಹಳ್ಳಿಗೆ ಹೋಗಿದ್ದೆ. ಅವಳು ಕೆಲಸ ಮಾಡುವ ಲ್ಯಾಬು ಅಲ್ಲೇ ಪಕ್ಕ. ಊಟದ ಹೊತ್ತಿಗೆ ಹೊರಗೆ ಬಂದಳು, ಹೋಟೆಲಿನಲ್ಲಿ ಕೂತೆವು. ನಿಶ್ಚಿತಾರ್ಥ ಆದ ಮೇಲೆ ಇಬ್ಬರೇ ಕೂತಿದ್ದು ಅದೇ ಮೊದಲು. ಧಾರೆ ಸೀರೆಗೆ ಯಾವ ಬಣ್ಣ ಎಂದು ಕೇಳುವುದಕ್ಕೆ ನಾನು ಬಾಯಿ ತೆಗೆಯುವಷ್ಟರಲ್ಲಿ, ಅವಳು ದೋಸೆ ಮುರಿಯುತ್ತಾ, “ಮದುವೆಗೆ ಮುಂಚೆ ನೀವೊಂದು ಲಸಿಕೆ ಹಾಕಿಸ್ಕೊಳ್ಳಿ” ಅಂದಳು.

“ಎಂಥದು? ಮಂಗನ ಕಾಯಿಲೆದಾ?”

“ಅಲ್ಲ. ಎಚ್‌ಪಿವಿದು.”

ಅದು ಗಂಡು ಹೆಣ್ಣು ಕೂಡುವುದರಿಂದ ಹರಡುವ ವೈರಸ್ಸಂತೆ. ಹೆಂಗಸರಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ತರಿಸುವುದು ಅದೇ ಅಂತೆ. ಗಂಡಸರಿಗೂ ಕೆಲವು ಕ್ಯಾನ್ಸರ್ ಬರಬಹುದಂತೆ. ಏನೂ ಬರದಿದ್ದರೂ ನಮ್ಮಿಂದ ಅವರಿಗೆ ದಾಟಬಹುದಂತೆ. ಅವಳು ಆಗಲೇ ಹಾಕಿಸಿಕೊಂಡಿದ್ದಾಳೆ. ಮೋಡ ಇದೆ, ಛತ್ರಿ ತಗೊಂಡು ಹೋಗಿ ಅಂದ ಹಾಗೆ ಇಷ್ಟನ್ನೂ ಹೇಳಿದಳು. ಪಕ್ಕದ ಟೇಬಲ್ಲಿನವರು ಕಾಫಿ ಲೋಟ ಬಾಯಿಗೆ ಇಡುವುದನ್ನೇ ಮರೆತಿದ್ದರು.

ಭಾವ, ಇದರ ಅರ್ಥ ಏನು? ನನ್ನ ಮೇಲೆ ಅನುಮಾನವಾ? ‘ನೋಡುವ’ ಅಂದು ಬಂದಿದ್ದೇನೆ. ನೂರಾರು ಮದುವೆಗಳ ಒಳಗು ಹೊರಗು ಕಂಡವರು ನೀವು. ಏನು ಮಾಡಲಿ, ಬರೆಯಿರಿ.

ಹರ್ಷವರ್ಧನ


ಸಾಗರ
14 ನವೆಂಬರ್ 2025

ಹರ್ಷನಿಗೆ ಆಶೀರ್ವಾದ.

ನಿನ್ನ ಕವರು ಕೊಡುವಾಗ ಕಂಡಕ್ಟರ್, “ಯಾರ್ದು ರವೀಂದ್ರಣ್ಣ, ಲವ್ ಲೆಟರಾ?” ಅಂದ. ನೀನು ಬಳಿದ ಗೋಂದು ನೋಡಿದರೆ ಯಾರಿಗಾದರೂ ಹಾಗೇ ಅನಿಸಬೇಕು ಮಾರಾಯ. ಬಿಡಿಸುವಷ್ಟರಲ್ಲಿ ಅರ್ಧ ಕಾಗದ ಕವರಿಗೇ ಅಂಟಿತ್ತು.

ನಾನು ಶಾಮಿಯಾನದ ಗೂಟ ಹೊಡೆಯುವ ಕೂಲಿಯಿಂದ ಮೇಲೆ ಬಂದವನು. ಬಟ್ಟೆ ಎಳೆದು ಕಟ್ಟುವ ಮೊದಲು ಗಾಳಿ ಯಾವ ಕಡೆಯದು ಎಂದು ನೋಡುವುದು ಅಭ್ಯಾಸ. ಈ ಗಾಳಿ ಸರಿಯಿಲ್ಲ. ಹೆಣ್ಣಿಗೆ ಬರುವ ಕಾಯಿಲೆಗೆ ಗಂಡಿನ ತೋಳಿಗೆ ಸೂಜಿ ಅಂದರೆ ಹುಡುಗಿ ಅದನ್ನು ಸುಮ್ಮನೆ ಹೇಳಿಲ್ಲ. ನಿನ್ನ ಅಳತೆ ತೆಗೆಯುತ್ತಿದ್ದಾಳೆ. ಇಲ್ಲ ಅಂದರೆ ‘ಯಾಕೆ ಹೆದರಿದ’ ಎಂದು ಲೆಕ್ಕ. ಹೂಂ ಅಂದರೆ ‘ಓಹೋ, ಬೇಕಾಗಿತ್ತು’ ಎಂದು ಲೆಕ್ಕ. ಹೋದ ವರ್ಷ ನಿಮ್ಮ ವಾಲಿಬಾಲ್ ಟೀಮಿನವರು ಗೋವಾಕ್ಕೆ ಹೋಗಿದ್ದಿರಲ್ಲ, ಅದರ ಸುದ್ದಿ ತೀರ್ಥಹಳ್ಳಿಯವರೆಗೆ ಹೋಯಿತಾ? ನಾನು ಕೇಳುವುದಿಲ್ಲ. ನೀನೂ ಹೇಳಬೇಡ.

ಆದರೂ ಹೂಂ ಅನ್ನುವುದೇ ಲಾಭ. ಓದಿದ ಹುಡುಗಿ, ಒಳ್ಳೆಯ ಮನೆತನ. ಒಂದು ಸೂಜಿಗೆ ಹೆದರಿ ಇಂಥ ಸಂಬಂಧ ಬಿಟ್ಟರೆ ಆಮೇಲೆ ಬಾಯಿ ಬಡಿದುಕೊಳ್ಳಬೇಕು. ಇಲ್ಲಿಯ ಒಬ್ಬ ಡಾಕ್ಟರನ್ನು, ನನಗಲ್ಲ, ಗುರುತಿನವರಿಗೆ ಎಂದು ವಿಚಾರಿಸಿದ್ದೇನೆ. ಇಪ್ಪತ್ತಾರರ ಒಳಗಿನ ಗಂಡುಮಕ್ಕಳಿಗೂ ಹಾಕುತ್ತಾರಂತೆ. ಮೂರು ಸಲ: ಈಗೊಮ್ಮೆ, ಎರಡು ತಿಂಗಳಿಗೊಮ್ಮೆ, ಆರಕ್ಕೊಮ್ಮೆ. ತಿಂಗಳ ಕೊನೆಯಲ್ಲಿ ಬಾ.

ಈಗ ಮುಖ್ಯ ಮಾತು. ಊರಲ್ಲಿ ತೋಳು ಹಿಡಿದುಕೊಂಡು ಓಡಾಡಿದರೆ ಯಾತಕ್ಕೆ ಎಂದು ಕೇಳದೆ ಬಿಡುವ ಜನ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಉತ್ತರ ನೀನೇ ಹೋಟೆಲಿನಲ್ಲಿ ಹೇಳಿದ್ದೀಯ: ಮಂಗನ ಕಾಯಿಲೆಯದು. ಹಳೆಯ ಲಸಿಕೆ ನಿಂತುಹೋಗಿದೆ, ಹೊಸದು ಬರುತ್ತದೆ ಎಂದು ಪೇಪರಿನವರು ಬರೆಯುತ್ತಲೇ ಇದ್ದಾರೆ. ಬಂತು ಅನ್ನು. ಸಾಗರದಲ್ಲಿ ಕೆಲವರಿಗೆ ಮಾತ್ರ ಕೊಡುತ್ತಿದ್ದಾರೆ, ಭಾವನ ಕಡೆಯಿಂದ ಸಿಕ್ಕಿತು ಅನ್ನು. ಆ ಹೆಸರಿಗಿಂತ ಈ ಹೆಸರಿಗೆ ಮರ್ಯಾದೆ ಜಾಸ್ತಿ.

ನಿಮ್ಮಕ್ಕ ಸುಪ್ರಿಯಾಗೆ ಹೇಳಿಲ್ಲ. ಕಾಗದ ಹರಿದಿದ್ದೇನೆ.

ರವೀಂದ್ರ


ಕಾನುಬೈಲು
2 ಡಿಸೆಂಬರ್ 2025

ರವಿ ಭಾವನಿಗೆ ನಮಸ್ಕಾರಗಳು.

ಸುಖವಾಗಿ ತಲುಪಿದೆ. ತೋಳು ನೋವು ಬಿಟ್ಟರೆ ಬೇರೇನಿಲ್ಲ.

ನೀವು ಆಸ್ಪತ್ರೆಯ ಹೊರಗೆ ಸ್ಕೂಟರಿನ ಮೇಲೆ ಹೆಲ್ಮೆಟ್ ಹಾಕಿಕೊಂಡೇ ಕೂತಿದ್ದಿರಿ, ಒಳಗೆ ಆಗಿದ್ದು ನಿಮಗೆ ಗೊತ್ತಿಲ್ಲ. ಬೆಂಚಿನ ತುಂಬ ತಾಯಂದಿರು, ಕೂಸುಗಳು. ನರ್ಸಮ್ಮ ಬಾಗಿಲಿಗೆ ಬಂದು “ಎಚ್‌ಪಿವಿ ಯಾರು?” ಎಂದು ಕೂಗಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. ಇನ್ನೊಮ್ಮೆ ಕೂಗಿದರು. ಪಕ್ಕದಲ್ಲಿದ್ದ ಒಬ್ಬ ಅಜ್ಜಿ ನನ್ನ ಮೊಣಕೈ ತಿವಿದು, “ನಿನ್ನೇ ಕರೀತಿರಬೇಕು ಮಗ, ಉಳಿದಿದ್ದೆಲ್ಲ ಹಾಲು ಕುಡಿಯೋ ಕೂಸುಗಳು” ಅಂದಳು. ಯಾರ ಮುಖವನ್ನೂ ನೋಡದೆ ಎದ್ದು ಒಳಗೆ ಹೋದೆ.

ಊರಲ್ಲಿ ನೀವು ಹೇಳಿಕೊಟ್ಟಿದ್ದನ್ನೇ ಹೇಳಿದೆ. ಅಮ್ಮ ಎಷ್ಟು ಖುಷಿಪಟ್ಟಳೆಂದರೆ ಡೇರಿಗೆ ಹಾಲು ಹಾಕಲು ಬಂದವರಿಗೆಲ್ಲ, “ನಮ್ಮ ಹರ್ಷಂಗೆ ಸಾಗರದಲ್ಲಿ ಹೊಸ ಸೂಜಿ ಆಯ್ತು. ಅಳಿಯಂದ್ರು ಇದ್ದಿದ್ದಕ್ಕೆ ಸಿಕ್ತು” ಎಂದು ಸಾರಿಬಿಟ್ಟಿದ್ದಾಳೆ. ಈಗ ಅದಕ್ಕೆ ‘ಸಾಗರದ ಸೂಜಿ’ ಎಂದೇ ಹೆಸರು. ಶಿವರಾಮ ಗೊತ್ತಲ್ಲ, ನನ್ನ ಜೊತೆ ಆಡುವವನು, ನನಗಿಂತ ಒಂದು ವರ್ಷ ಚಿಕ್ಕವನು. ಅವನು ದಿನಾ ಕೇಳುತ್ತಾನೆ: “ನಂಗೂ ಒಂದು ಹಾಕ್ಸೋ, ನಿಮ್ಮ ಭಾವಂಗೆ ಹೇಳೋ.” ಅವನಿಗೆ ಏನು ಹೇಳಲಿ?

ಯಶಸ್ವಿನಿಗೆ ಹಾಕಿಸಿಕೊಂಡೆ ಎಂದು ಮೆಸೇಜು ಮಾಡಿದೆ. “ಒಳ್ಳೇದಾಯ್ತು. ನಮ್ಮಮ್ಮಂಗೆ ಹೇಳ್ದೆ, ಖುಷಿಪಟ್ರು. ನಿಮ್ಮಮ್ಮಂಗೆ ಹೇಳಿದ್ರಾ?” ಎಂದು ಬರೆದಳು. ಹೇಳಿದೆ ಎಂದು ಬರೆದೆ.

ಹರ್ಷವರ್ಧನ


ಸಾಗರ
8 ಡಿಸೆಂಬರ್ 2025

ಹರ್ಷನಿಗೆ ಆಶೀರ್ವಾದ.

ಶಿವರಾಮನಿಗೆ ಸ್ಟಾಕ್ ಮುಗಿದಿದೆ ಅನ್ನು. ಸರ್ಕಾರದ ಯಾವ ವಸ್ತುವಿನ ಬಗ್ಗೆಯೂ ನಮ್ಮ ಜನ ಸಂಶಯವಿಲ್ಲದೆ ನಂಬುವ ಮಾತು ಅದೊಂದೇ.

ಅತ್ತೆ ನನಗೂ ಫೋನ್ ಮಾಡಿದ್ದರು. “ಹೌದು ಅತ್ತೆ, ನಾನೇ ನಿಂತು ಹಾಕಿಸಿದೆ” ಅಂದೆ. ಅದನ್ನು ಕೇಳಿ ಸುಪ್ರಿಯಾ ಆ ದಿನ ನನಗೆ ಎರಡು ಸಲ ಕಾಫಿ ಕೊಟ್ಟಳು. ಹೆಂಡತಿಯ ತಮ್ಮನಿಗೆ ಉಪಕಾರ ಮಾಡಿದವನಿಗೆ ಮನೆಯಲ್ಲಿ ಬರುವ ಬೆಲೆ ನೀನು ಮುಂದೆ ತಿಳಿಯುತ್ತೀಯ. ಒಂದು ಸುಳ್ಳಿಗೆ ನಾಲ್ಕೂ ಮೂಲೆಗೆ ಗೂಟ ಬಿದ್ದರೆ ಸಾಕು ಹರ್ಷ, ಮಳೆಗಾಲದವರೆಗೆ ನಿಲ್ಲುತ್ತದೆ. ಅಷ್ಟರಲ್ಲಿ ಮದುವೆ ಮುಗಿದಿರುತ್ತದೆ. ಹೆದರಬೇಡ.

ರವೀಂದ್ರ


ಕಾನುಬೈಲು
19 ಜನವರಿ 2026

ರವಿ ಭಾವನಿಗೆ ನಮಸ್ಕಾರಗಳು.

ನಮ್ಮ ಮೇಲಿನ ಕಾನಿನಲ್ಲಿ ಮಂಗ ಸತ್ತು ಬಿದ್ದಿತ್ತು. ಆರೋಗ್ಯ ಇಲಾಖೆಯವರು ಬಂದು ಸುಟ್ಟು ಹೋದರು. ಕಾಡಿಗೆ ಹೋಗಬೇಡಿ, ಹೋಗಲೇಬೇಕಾದರೆ ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ ಎಂದು ಹೇಳಿದ್ದಾರೆ. ಮಂಗನ ಕಾಯಿಲೆ ತರುವ ಉಣುಗು ಕಚ್ಚದಂತೆ ಕೊಡುತ್ತಾರಲ್ಲ, ಆ ಎಣ್ಣೆ.

ಅದರ ಎರಡು ಬಾಟಲಿ ನೀವು ಅಲ್ಲಿಂದಲೇ ಎಲ್ಲಾದರೂ ಹೊಂದಿಸಿ ಬಸ್ಸಿಗೆ ಹಾಕಿ ಕಳಿಸಿ. ಪೇಪರಿನಲ್ಲಿ ಸುತ್ತಿ, ಹೊರಗೆ ಏನೂ ಬರೆಯಬೇಡಿ. ಇಲ್ಲಿ ಅದನ್ನು ಹಂಚುವುದು ನಮ್ಮೂರ ಆಶಾ ಕಾರ್ಯಕರ್ತೆ, ಆ ಆಶಾ ಅಕ್ಕನ ಹತ್ತಿರ ನಾನು ಕೇಳುವ ಹಾಗಿಲ್ಲ.

ಹರ್ಷ


ಸಾಗರ
24 ಜನವರಿ 2026

ಹರ್ಷನಿಗೆ ಆಶೀರ್ವಾದ.

ಬಾಟಲಿ ಕಳಿಸಿದ್ದೇನೆ. ಅತ್ತೆಯ ಕಾಳಜಿ ಮಾಡುತ್ತಿದ್ದೀಯ, ಒಳ್ಳೆಯದು. ಹಚ್ಚಿಕೊಳ್ಳಲು ಹೇಳು. ವಾಸನೆ ಎಂದು ಗೊಣಗುತ್ತಾರೆ, ಬಿಡಬೇಡ. ಆಶಾ ಅಕ್ಕನ ಹತ್ತಿರ ಕೇಳಲು ನಿನಗೇನು ಸಂಕೋಚವೋ ನನಗೆ ತಿಳಿಯಲಿಲ್ಲ. ಅವಳ ಜೊತೆ ಜಗಳವಾಗಿದ್ದರೆ ಮುಗಿಸಿಕೋ, ಊರಲ್ಲಿ ಅಂಥವರು ಬೇಕಾಗುತ್ತಾರೆ.

ಎರಡನೆಯ ಸೂಜಿಗೆ ಈ ವಾರವೇ ಬಾ. ಈ ಸಲ ನರ್ಸಮ್ಮನಿಗೆ ಮೊದಲೇ ಹೇಳಿಡುತ್ತೇನೆ, ಹೆಸರು ಕೂಗುವುದಿಲ್ಲ. ಮನೆಯಲ್ಲಿ ‘ಬೂಸ್ಟರ್’ ಅನ್ನು. ಕೊರೊನಾ ಬಂದ ಮೇಲೆ ಆ ಶಬ್ದ ಅತ್ತೆಗೂ ಗೊತ್ತು.

ರವೀಂದ್ರ


ತೀರ್ಥಹಳ್ಳಿ, ಆಸ್ಪತ್ರೆ
17 ಫೆಬ್ರವರಿ 2026

ಭಾವನಿಗೆ,

ಫೋನಿನಲ್ಲಿ ಅಮ್ಮನಿಗೆ ಜ್ವರ ಎಂದಷ್ಟೇ ಹೇಳಿದ್ದೆ. ರಕ್ತದ ರಿಪೋರ್ಟ್ ಬಂತು. ಮಂಗನ ಕಾಯಿಲೆಯೇ. ಹೊಸನಗರದಿಂದ ಇಲ್ಲಿಗೆ ಕಳಿಸಿದರು. ವಸಡಿನಲ್ಲಿ ರಕ್ತ ಬರುತ್ತಿತ್ತು, ಇವತ್ತು ನಿಂತಿದೆ. ಇನ್ನೂ ಕೆಲವು ದಿನ ಏನೂ ಹೇಳಲಾಗುವುದಿಲ್ಲ ಅನ್ನುತ್ತಾರೆ.

ಇಷ್ಟು ದಿನ ನಿಮಗೆ ಬರೆಯದೆ ಇದ್ದುದನ್ನು ಬರೆಯುತ್ತೇನೆ.

ಮಂಗ ಸತ್ತ ಮೇಲೆ ಊರಲ್ಲಿ ಯಾರೂ ಕಾನಿಗೆ ಹೋಗಲಿಲ್ಲ. ಆದರೆ ಕೊಟ್ಟಿಗೆಗೆ ಹಾಸಲು ದರಗು ಬೇಕಲ್ಲ. ಒಣ ಎಲೆ ಗುಡಿಸಿ ತರದಿದ್ದರೆ ದನ ಸಗಣಿಯಲ್ಲೇ ಮಲಗಬೇಕು. ಡೇರಿ ಕಟ್ಟೆಯಲ್ಲಿ ನೆರೆಮನೆಯ ಕನ್ನಪ್ಪಜ್ಜ, “ಹರ್ಷಂಗೆ ಸಾಗರದ ಸೂಜಿ ಆಗೈತಲ, ಅವನೇ ಹೋಗ್ಲಿ. ಅವಂಗೆ ಉಣುಗು ಕಚ್ಚಿದ್ರೆ ಉಣುಗೇ ಸಾಯ್ತದೆ” ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆವತ್ತಿನಿಂದ ನಮ್ಮ ಮನೆಗೂ ಕನ್ನಪ್ಪಜ್ಜನ ಮನೆಗೂ ದರಗು ತಂದವನು ನಾನೇ.

ನೀವು ಕಳಿಸಿದ ಎಣ್ಣೆ ಅಮ್ಮನಿಗಲ್ಲ. ನನಗೆ. ಸೂಜಿ ಆದವನು ಎಣ್ಣೆ ಹಚ್ಚಿಕೊಳ್ಳುವುದನ್ನು ಕಂಡರೆ ಯಾತಕ್ಕೆ ಅನ್ನುತ್ತಾರೆ ಎಂದು ಕಾನಿನ ಅಂಚಿನಲ್ಲಿ ಒಂದು ಹೊಳೆಮತ್ತಿ ಮರದ ಬೊಡ್ಡೆಯಲ್ಲಿ ಬಾಟಲಿ ಅಡಗಿಸಿಟ್ಟಿದ್ದೆ. ಅಲ್ಲೇ ಹಚ್ಚಿಕೊಂಡು ಒಳಗೆ ಹೋಗುತ್ತಿದ್ದೆ. ಬಂದವನೇ ಬಚ್ಚಲಿಗೆ ಹೋಗಿ ತಿಕ್ಕಿ ತೊಳೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅಮ್ಮ ದರಗಿನ ಹೊರೆ ಬಿಚ್ಚಿ, ಬರಿಗೈಯಲ್ಲಿ ಹರಡಿ, ಅದರ ಮೇಲೆ ಕೂತೇ ಹಾಲು ಕರೆಯುತ್ತಿದ್ದಳು. ಆಶಾ ಅಕ್ಕ ಅವಳಿಗೂ ಎಣ್ಣೆ ಕೊಡಲು ಬಂದರೆ, “ನಾನು ಕಾಡಿಗೆ ಹೋಗೋದೇ ಇಲ್ಲ, ಹೋಗೋನಿಗೆ ಸೂಜಿ ಆಗೈತಿ” ಎಂದು ತಿರುಗಿ ಕಳಿಸಿದಳು. ನಾನು ಪಕ್ಕದಲ್ಲೇ ಇದ್ದೆ ಭಾವ. ಉಣುಗು ಎಲೆಯ ಜೊತೆ ಮನೆಗೂ ಬರುತ್ತದೆ ಎಂದು ನಮ್ಮೂರಲ್ಲಿ ಯಾರಿಗೆ ಗೊತ್ತಿಲ್ಲ? ಹೇಳಿದರೆ, ಸೂಜಿ ಆದ ನಿನಗೇಕೆ ಹೆದರಿಕೆ ಅನ್ನುತ್ತಾರೆ ಎಂದು ಸುಮ್ಮನಾದೆ.

ನಿನ್ನೆ ವಾರ್ಡಿನಲ್ಲಿ ಆದದ್ದು ಇದು. ಡಾಕ್ಟರಮ್ಮ ಬಂದು, “ಕಾಡಿಗೆ ಯಾರು ಹೋಗ್ತೀರಿ? ಮನೇಲಿ ಬೇರೆ ಯಾರಿಗಾದ್ರೂ ಜ್ವರ ಇದ್ಯಾ?” ಎಂದು ಕೇಳಿದರು. ಯಶಸ್ವಿನಿ ಗಂಜಿಯ ಫ್ಲಾಸ್ಕ್ ಹಿಡಿದುಕೊಂಡು ಮಂಚದ ಕಾಲಬದಿಗೆ ನಿಂತಿದ್ದಳು.

ಅಮ್ಮನಿಗೆ ತಲೆ ಎತ್ತಲು ಆಗುತ್ತಿರಲಿಲ್ಲ, ಆದರೂ ಹೇಳಿದಳು: “ಮಗ ಹೋಗ್ತಾನೆ. ಅವಂಗೇನೂ ಆಗದಿಲ್ಲ. ಸಾಗರದ ಸೂಜಿ ಆಗೈತಿ. ಅದನ್ನೇ ನಂಗೂ ಒಂದು ಹಾಕಿಬಿಡಿ ಡಾಕ್ಟ್ರಮ್ಮ.”

“ಯಾವ ಸೂಜಿ? ಮಂಗನ ಕಾಯಿಲೆಗೆ ಈಗ ಲಸಿಕೆ ಕೊಡ್ತಾ ಇಲ್ವಲ್ಲಮ್ಮ.”

ಅಮ್ಮ ನಗಲು ನೋಡಿದಳು. “ನಿಮಗೆ ಬಂದಿಲ್ಲ ಕಾಣ್ತದೆ. ಸಾಗರಕ್ಕೆ ಬಂದೈತಿ.”

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ನಾನು, “ಅದು ಮಂಗನ ಕಾಯಿಲೆದಲ್ಲ ಅಮ್ಮ. ಬೇರೆದು” ಅಂದೆ. “ಬೇರೆದು ಅಂದ್ರೆ?” ಅಂದರು. ಯಶಸ್ವಿನಿ ನನ್ನ ನೆರವಿಗೆ ಬರಲಿಲ್ಲ. ಅವಳು ನಡುವೆ ಬಾಯಿ ಹಾಕಿ ಹೆಸರು ಹೇಳಿಬಿಡಬಹುದೇನೋ ಎಂದು ನಾನು ಕಾದೆ. ಅವಳು ಫ್ಲಾಸ್ಕಿನ ಮುಚ್ಚಳ ನೋಡುತ್ತಾ ನಿಂತಿದ್ದಳು. ಕೊನೆಗೆ ನಾನೇ ಹೇಳಿದೆ. ಪಕ್ಕದ ಮಂಚದವರೂ ಕೇಳಿಸಿಕೊಂಡರು. “ಒಳ್ಳೇದೇ ಮಾಡಿದ್ರಲ್ಲ, ಅದಕ್ಯಾಕೆ ಸುಳ್ಳು ಹೇಳಿದ್ರಿ?” ಎಂದು ಕೇಳಿ ಡಾಕ್ಟರಮ್ಮ ಮುಂದಿನ ಮಂಚಕ್ಕೆ ಹೋದರು.

ಅಮ್ಮ ನನ್ನನ್ನು ಬೈಯುತ್ತಾಳೆ ಅಂದುಕೊಂಡೆ. ಅವಳು ನನ್ನ ಕೈ ಹಿಡಿದು, “ಹಂಗಾದ್ರೆ ನೀನು ಇಷ್ಟು ದಿನ ಸೂಜಿ ಇಲ್ದೆ ಕಾನಿಗೆ ಹೋಗಿದ್ಯಾ ಮಗ?” ಅಂದಳು.

“ಎಣ್ಣೆ ಹಚ್ಕೊಂಡು ಹೋಗ್ತಿದ್ದೆ.”

“ಅಬ್ಬ, ಸದ್ಯ. ಒಳ್ಳೇ ಕೆಲಸ ಮಾಡಿದೆ” ಅಂದಳು.

ಭಾವ, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹರ್ಷ


ಸಾಗರ
20 ಫೆಬ್ರವರಿ 2026

ಹರ್ಷನಿಗೆ ಆಶೀರ್ವಾದ.

ಈ ಕವರು ಸುಪ್ರಿಯಾಳ ಕೈಯಲ್ಲಿ ಕಳಿಸಬಹುದಿತ್ತು, ಕಳಿಸಲಿಲ್ಲ. ಅವಳು ಬೆಳಗಿನ ಬಸ್ಸಿಗೆ ಹೊರಟಳು, ಇದು ಮಧ್ಯಾಹ್ನದ ಬಸ್ಸಿಗೆ ಬರುತ್ತದೆ. ನನಗೆ ಬರಲು ಆಗುತ್ತಿಲ್ಲ. ಮದುವೆಯ ಸೀಸನ್, ಆನಂದಪುರದಲ್ಲಿ ಎರಡು ಚಪ್ಪರ ಒಪ್ಪಿಕೊಂಡಿದ್ದೇನೆ, ಹುಡುಗರ ಮೇಲೆ ಬಿಟ್ಟು ಬರುವ ಹಾಗಿಲ್ಲ.

ಆದದ್ದಕ್ಕೆ ಪೂರ್ತಿ ನಾವೇ ಕಾರಣ ಎಂದು ಹೇಳಲು ಬರುವುದಿಲ್ಲ. ಸೂಜಿಯ ಮಾತೇ ಇಲ್ಲದ ಮನೆಗಳಲ್ಲೂ ಈ ಜ್ವರ ಬಂದಿದೆ. ದರಗು ನೀನು ತರದಿದ್ದರೆ ಅತ್ತೆಯೇ ತರುತ್ತಿದ್ದರು. ಹೀಗೂ ಯೋಚಿಸು.

ಒಂದು ಮಾತು. ವಾರ್ಡಿನಲ್ಲಿ ನೀನು ಹೇಳಿದ್ದು ಸುಪ್ರಿಯಾಗೆ ಹೇಗೂ ತಿಳಿಯುತ್ತದೆ. ಸುಳ್ಳು ಹೇಳು ಎಂದು ಹೇಳಿಕೊಟ್ಟವರು ಯಾರು ಎಂದು ಕೇಳಿದರೆ, ನೀನೇ ಯೋಚಿಸಿದ್ದು ಅನ್ನು. ನನಗೂ ನೀನು ಮಂಗನ ಕಾಯಿಲೆಯದು ಎಂದೇ ಹೇಳಿದ್ದೆ ಅನ್ನು. ಸಂಸಾರದ ವಿಷಯ, ನಿನಗೆ ಅರ್ಥವಾಗುತ್ತದೆ.

ಅತ್ತೆಗೆ ಕಾಲು ಒತ್ತು.

ರವೀಂದ್ರ


ಕಾನುಬೈಲು
11 ಮಾರ್ಚ್ 2026

ಭಾವನಿಗೆ,

ಅಮ್ಮ ಮನೆಗೆ ಬಂದಿದ್ದಾಳೆ. ಕೋಲು ಹಿಡಿದು ಕೊಟ್ಟಿಗೆಯ ಬಾಗಿಲವರೆಗೆ ಹೋಗಿ ದನಗಳನ್ನು ಮಾತಾಡಿಸಿ ಬರುತ್ತಾಳೆ. ಅಕ್ಕ ನನ್ನ ಹತ್ತಿರ ಏನೂ ಕೇಳಲಿಲ್ಲ. ಕೇಳಿದ್ದರೆ ನೀವು ಹೇಳಿಕೊಟ್ಟ ಹಾಗೆ ಹೇಳುತ್ತಿದ್ದೆನೋ ಇಲ್ಲವೋ, ನನಗೇ ಗೊತ್ತಿಲ್ಲ. ಅವಳು ಸಾಗರಕ್ಕೆ ತಿರುಗಿ ಬಂದಿದ್ದಾಳೆ. ಹೇಳುವವರು ನೀವು.

ಯಶಸ್ವಿನಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನನ್ನ ಹತ್ತಿರ ಮಾತಾಡಿದಳು. ನಾನು, “ನಿಂಗೆ ನನ್ನ ಮೇಲೆ ಅನುಮಾನ ಅಂದ್ಕೊಂಡೆ” ಅಂದೆ. ಅವಳಿಗೆ ಮೊದಲು ನಾನು ಏನು ಹೇಳುತ್ತಿದ್ದೇನೆ ಎಂದೇ ತಿಳಿಯಲಿಲ್ಲ. “ನಾನೂ ಹಾಕಿಸ್ಕೊಂಡಿದೀನಿ ಅಂದಿದ್ನಲ್ಲ. ಹಂಗಾದ್ರೆ ನೀವು ನನ್ನ ಬಗ್ಗೆ ಏನಂದ್ಕೊಂಡ್ರಿ?” ಅಂದಳು. ಆ ಪ್ರಶ್ನೆ ನನಗೆ ಇಷ್ಟು ದಿನ ಹೊಳೆದೇ ಇರಲಿಲ್ಲ ಭಾವ. ನಿಮಗೂ ಹೊಳೆಯಲಿಲ್ಲ. ಇಬ್ಬರೂ ನನ್ನ ಮರ್ಯಾದೆಯನ್ನೇ ತೂಗುತ್ತಾ ಕೂತಿದ್ದೆವು. “ನಿಮ್ಮೂರಲ್ಲಿ ಇನ್ನೂ ಎಷ್ಟೋ ಜನ ಆ ಸೂಜಿ ಬರ್ತದೆ ಅಂತ ಕಾಯ್ತಿರಬೇಕು. ಮೊದ್ಲು ಅಲ್ಲಿ ಹೇಳಿ ಬನ್ನಿ. ಮದುವೆ ಮಾತು ಆಮೇಲೆ” ಎಂದು ಎದ್ದು ಹೋದಳು.

ಅವಳು ಹೇಳಿದ್ದು ಸರಿ. ನಾಲ್ಕು ಮನೆಯವರು ಎಣ್ಣೆ ಬೇಡವೆಂದು, ಸಾಗರಕ್ಕೆ ಜೀಪು ಮಾಡಿಕೊಂಡು ಬರುವ ಮಾತಾಡುತ್ತಿದ್ದರು. ಡೇರಿ ಕಟ್ಟೆಯಲ್ಲಿ ಸಂಜೆ ಹಾಲು ಹಾಕುವ ಹೊತ್ತಿಗೆ ಹೇಳಿದೆ. ಸಾಗರದ ಸೂಜಿ ಮಂಗನ ಕಾಯಿಲೆಯದಲ್ಲ ಅಂದೆ. ಎಂಥದು ಎಂದು ಕೇಳಿದರು. ಹೇಳಿದೆ. ಆಮೇಲೆ ಟೀಮಿನವನೊಬ್ಬ, “ನಿಂಗೆಲ್ಲಿತ್ತೋ ಗರ್ಭಕೋಶ?” ಅಂದ. ಬಿದ್ದು ಬಿದ್ದು ನಕ್ಕರು. ಇನ್ನೊಬ್ಬ, “ಗೋವಾದ ಬಾಕಿ ಕಣ್ರೋ ಅದು!” ಅಂದ. ಈಗ ವಾಲಿಬಾಲ್ ಕೋರ್ಟಿನಲ್ಲಿ ನನ್ನ ಹೆಸರು ಗರ್ಭಕೋಶ ಹರ್ಷ. “ಪಾಸ್ ಕೊಡೋ ಗರ್ಭಕೋಶ” ಅನ್ನುತ್ತಾರೆ. ಕೊಡುತ್ತೇನೆ.

ಕನ್ನಪ್ಪಜ್ಜ ಮಾತ್ರ ನಗಲಿಲ್ಲ. “ನಮ್ಮನೆಗೂ ಅದೇ ದರಗು ಹಾಕಿದ್ಯಲ್ಲೋ” ಎಂದು ಎದ್ದು ಹೋದ. ಅವನ ಮನೆಯಲ್ಲಿ ಯಾರಿಗೂ ಜ್ವರ ಬರಲಿಲ್ಲ. ಬಂದಿದ್ದರೆ ಅದೂ ನಾನು ತಂದ ಹೊರೆಯಿಂದಲೇ.

ಗೋವಾದ ಮಾತು ನೀವು ಆಗ ತೆಗೆದಿರಿ, ನಾನು ಉತ್ತರ ಬರೆದಿರಲಿಲ್ಲ. ಅಲ್ಲಿ ನಾನು ಏನೂ ಮಾಡಲಿಲ್ಲ ಭಾವ. ಹುಡುಗರು ಎಲ್ಲಿಗೋ ಹೋದಾಗ ನಾನು ಸಮುದ್ರದ ದಂಡೆಯಲ್ಲಿ ಒಬ್ಬನೇ ತಿರುಗಿ ತಡವಾಗಿ ರೂಮಿಗೆ ಬಂದೆ. “ಏನಪ್ಪ ಎಲ್ಲಿದ್ದೆ?” ಅಂದರು. ನಕ್ಕು ಸುಮ್ಮನಾದೆ. ಅವರು ಏನು ಅಂದುಕೊಂಡರೋ ಅದನ್ನು ತಿದ್ದಲಿಲ್ಲ, ಅಂಥವನು ಅನ್ನಿಸಿಕೊಳ್ಳುವುದು ಆಗ ದೊಡ್ಡದಾಗಿ ಕಂಡಿತು. ಸೂಜಿಯ ಹೆಸರು ಹೇಳಿದರೆ ಗೋವಾದ ಆ ನಗುವಿಗೆ ಊರೆಲ್ಲ ಅದೇ ಅರ್ಥ ಕಟ್ಟುತ್ತದೆ ಎಂದು ಹೆದರಿದೆ. ಮಾಡದ ಕೆಲಸಕ್ಕೆ ಹೆಮ್ಮೆಯೂ ನನ್ನದೇ, ನಾಚಿಕೆಯೂ ನನ್ನದೇ.

ನಿನ್ನೆ ಶಿವರಾಮ ಮನೆಯ ಹಿಂದೆ ಬಂದು ನಿಂತಿದ್ದ. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. ಅವನಿಗೂ ಹೆಣ್ಣು ನೋಡುತ್ತಿದ್ದಾರೆ. “ಆ ಡಾಕ್ಟ್ರ ಹತ್ರ ನಂಗೂ ಹಾಕ್ತಾರಾ?” ಎಂದು ಕೇಳಿದ. ಹಾಕುತ್ತಾರೆ ಅಂದೆ. ಅತ್ತಿತ್ತ ನೋಡಿ ಇನ್ನೊಂದು ಕೇಳಿದ: “ಊರಲ್ಲಿ ಯಾತಕ್ಕೆ ಅಂತ ಹೇಳ್ಲಿ?”

ಸೋಮವಾರ ಅವನನ್ನು ನಿಮ್ಮ ಹತ್ತಿರ ಕಳಿಸುತ್ತಿದ್ದೇನೆ. ಅದೇ ಪ್ರಶ್ನೆಯನ್ನು ನಿಮಗೂ ಕೇಳುತ್ತಾನೆ.

ಹರ್ಷವರ್ಧನ


ಸಾಗರ
17 ಮಾರ್ಚ್ 2026

ಪ್ರಿಯ ಹರ್ಷ,

ಆಶೀರ್ವಾದ ಎಂದು ಬರೆಯಲು ಈ ಸಲ ಕೈ ಬರಲಿಲ್ಲ.

ನಿನ್ನ ಕಾಗದ ಓದಿ ಎರಡು ದಿನ ಅಂಗಡಿಯಿಂದ ಮನೆಗೆ ತಡಮಾಡಿ ಹೋದೆ. ಮೂರನೆಯ ದಿನ ಹೇಳಿದೆ. ಸುಪ್ರಿಯಾ ಅಕ್ಕಿ ಆರಿಸುತ್ತಿದ್ದಳು. ಹುಟ್ಟಿದಾಗಿನಿಂದ ಮಾತು ಮಾರಿ ಬದುಕಿದವನು ನಾನು. ಆ ದಿನ ಒಂದು ವಾಕ್ಯವೂ ತುದಿ ಮುಟ್ಟಲಿಲ್ಲ. ಅಷ್ಟಾದರೂ ಅವಳಿಗೆ ತಿಳಿಯಿತು. ಮೊರ ಕೆಳಗಿಟ್ಟು, “ಅವನು ಹುಡುಗ, ನಾಚ್ಕೊಂಡ. ನಿಮಗೇನಾಗಿತ್ತು ನಾಚಿಕೆ? ಸೂಜಿ ನಿಮಗಾ ಹಾಕಿದ್ದು?” ಎಂದು ಕೇಳಿದಳು.

ನಿಂತ ಸ್ಕೂಟರಿನ ಮೇಲೆ ಹೆಲ್ಮೆಟ್ ಹಾಕಿಕೊಂಡು ಕೂತವನು ಇಡೀ ಸಾಗರದಲ್ಲಿ ಅವತ್ತು ನಾನೊಬ್ಬನೇ ಇರಬೇಕು. ಯಾರಿಂದ ಮುಖ ಮುಚ್ಚಿಕೊಂಡಿದ್ದೆ? ಗಂಡಸಿಗೂ ಇಂಥದ್ದು ಬೇಕಾಗಬಹುದು ಎಂದು ಒಪ್ಪಿದರೆ ಇಷ್ಟು ವರ್ಷ ಗಂಡಸ್ತನದ ಬಗ್ಗೆ ಬಾಯಿ ತುಂಬ ಆಡಿದ್ದಕ್ಕೆಲ್ಲ ನಷ್ಟ ಎಂದು ಒಳಗಿನ ವ್ಯಾಪಾರಿ ಲೆಕ್ಕ ಹಾಕಿದ್ದ. ಅತ್ತೆಯನ್ನು ಆ ಲೆಕ್ಕಕ್ಕೆ ಹಿಡಿದೇ ಇರಲಿಲ್ಲ. ಹಿಂದಿನ ಕಾಗದದಲ್ಲಿ ನಿನ್ನಿಂದ ಇನ್ನೊಂದು ಸುಳ್ಳು ಹೇಳಿಸಲು ನೋಡಿದೆನಲ್ಲ, ಅದನ್ನೂ ಅವಳಿಗೆ ಹೇಳಿದೆ. ಆ ಕಾಗದ ಇದ್ದರೆ ಹರಿಯಬೇಡ. ಸುಪ್ರಿಯಾ ಈಗ ನನ್ನ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಾಳೆ. ಭಾನುವಾರ ನಾನು ಬಂದು ಅತ್ತೆಯ ಎದುರಿಗೆ ಕೂತು ಹೇಳುತ್ತೇನೆ. ಅವರು ನನಗೂ ‘ಒಳ್ಳೇದು ಮಾಡಿದ್ರಿ’ ಅನ್ನದಿದ್ದರೆ ಸಾಕು.

ನಿನ್ನೆ ಶಿವರಾಮ ಬಂದ. ಈ ಸಲ ನಾನು ಒಳಗೆ ಹೋದೆ. ಅವನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತೆ. ಯಾರಿದ್ದರು ಗೊತ್ತಾ? ಆನಂದಪುರದ ಸುಬ್ಬರಾಯರು. ಅವರ ಮಗಳ ಮದುವೆಯ ಚಪ್ಪರ ಒಪ್ಪಿಕೊಂಡವನು ನಾನೇ. ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. “ಏನ್ ರವೀಂದ್ರ, ನೀವಿಲ್ಲಿ? ಹುಡುಗಂಗೆ ಹುಷಾರಿಲ್ವಾ?” ಅಂದರು.

ಶಿವರಾಮ ನನ್ನ ಪಕ್ಕೆಗೆ ತಿವಿದ. ನನ್ನ ನಾಲಗೆ ತುದಿಯಲ್ಲಿ ‘ಮಂಗನ’ ಎಂಬಷ್ಟು ಬಂದೇಬಿಟ್ಟಿತ್ತು ಹರ್ಷ, ಸುಳ್ಳು ಹೇಳುವುದಿಲ್ಲ. ನುಂಗಿದೆ.

“ಹುಷಾರಾಗೇ ಇದಾನೆ. ಎಚ್‌ಪಿವಿ ಸೂಜಿ ಹಾಕ್ಸಾಕೆ ಬಂದ್ವಿ. ಗಂಡು ಹೆಣ್ಣು ಕೂಡಿದ್ರೆ ದಾಟೋ ವೈರಸ್ಸಿಗೆ. ಇವನಿಗೂ ಒಳ್ಳೇದು, ಬರೋ ಹುಡುಗಿಗೂ ಒಳ್ಳೇದು.”

ಸುಬ್ಬರಾಯರು ಮೊಮ್ಮಗುವಿನ ಕಿವಿಯ ಟೋಪಿ ಸರಿಮಾಡಿದರು. ನನ್ನ ಮುಖವನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿದರು. “ಹಾಗೂ ಉಂಟಾ” ಅಂದು ಬೇರೆ ಕಡೆ ತಿರುಗಿದರು. ಚಪ್ಪರದ ವಿಷಯಕ್ಕೆ ದಿನಾ ಫೋನ್ ಮಾಡುತ್ತಿದ್ದವರು, ಇವತ್ತು ಮಾಡಿಲ್ಲ.

ನರ್ಸಮ್ಮ ಬಾಗಿಲಿಗೆ ಬಂದು ಕೂಗಿದಾಗ ಶಿವರಾಮ ಕೂಡಲೇ ಏಳಲಿಲ್ಲ. ನಾನು ಎದ್ದು ನಿಂತೆ, ಆಮೇಲೆ ಅವನು ಎದ್ದ.

ಹೊರಗೆ ಬಂದು ತೋಳು ಒತ್ತಿಕೊಳ್ಳುತ್ತಾ, “ಅಷ್ಟು ಜೋರಾಗಿ ಹೇಳ್ಬೇಕಿತ್ತಾ ರವೀಂದ್ರಣ್ಣ?” ಅಂದ.

“ಮೆಲ್ಲಗೆ ಹೇಳಿ ನೋಡಿ ಆಯ್ತಲ್ಲ ಮಾರಾಯ” ಅಂದೆ.

ಅವನ ಮುಖ ಕಿವಿಯವರೆಗೆ ಕೆಂಪಾಗಿತ್ತು. ನನ್ನದೂ ಆಗಿರಬೇಕು.

ರವೀಂದ್ರ